ಹಸಿರು ಪರದೆಯೂ ಹುಲಿಗೆಮ್ಮನ ಬಳೆಗಳೂ

‘ಗೊತ್ತಿಲ್ಲ’ ಎಂಬ ಮಾತನ್ನು ನಾನು ಕೊನೆಯ ಸಲ ಯಾವಾಗ ಆಡಿದೆನೋ ಗೊತ್ತಿಲ್ಲ. ಕೆಲಸಕ್ಕೆ ಸೇರುವ ಮೊದಲು ಆಡಿರಬೇಕು. ಇಪ್ಪತ್ತೆಂಟು ವರ್ಷಗಳಿಂದ ರಾಯಚೂರಿನ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೇನೆ. ಈ ಅವಧಿಯಲ್ಲಿ ಹುಡುಗರು ನನಗೆ ತಿಳಿಯದ ಪ್ರಶ್ನೆಗಳನ್ನು ಬೇಕಾದಷ್ಟು ಕೇಳಿದ್ದಾರೆ, ನಾನು ಒಂದನ್ನೂ ಬಿಡದೆ ಉತ್ತರ ಕೊಟ್ಟಿದ್ದೇನೆ. ಇದು ಕಾಲೇಜಿನ ಗೋಡೆಯೊಳಗೆ ನಿಲ್ಲುವ ಚಟವೂ ಅಲ್ಲ. ಒಮ್ಮೆ ಬಸ್ ನಿಲ್ದಾಣದಲ್ಲಿ ಒಬ್ಬ ಮುದುಕರು ದೇವಸುಗೂರಿನ ಬಸ್ಸು ಯಾವುದೆಂದು ನನ್ನನ್ನು ಕೇಳಿದರು. ಕನ್ನಡಕ ಮನೆಯಲ್ಲಿತ್ತು, ಬೋರ್ಡು ಕಾಣುತ್ತಿರಲಿಲ್ಲ. ಆದರೂ ಅವರ ಕೈಹಿಡಿದು ಕರೆದೊಯ್ದು, ಕಿಟಕಿಯ ಪಕ್ಕದ ಸೀಟೇ ಹಿಡಿದು, ಒಂದು ಬಸ್ಸಿನಲ್ಲಿ ಕೂರಿಸಿದೆ. ಅದು ಮಾನ್ವಿಗೆ ಹೋಯಿತು. ಮುಂದಿನ ತಿಂಗಳು ಅದೇ ಮುದುಕರು ಮಾರ್ಕೆಟ್ಟಿನಲ್ಲಿ ಎದುರಾದಾಗ ನಾನು ತಪ್ಪಿಸಿಕೊಳ್ಳಲು ನೋಡಿದೆ. ಅವರು ಬಿಡಲಿಲ್ಲ. ಮಾನ್ವಿಯಲ್ಲಿ ಹತ್ತು ವರ್ಷದಿಂದ ಮಾತು ಬಿಟ್ಟಿದ್ದ ಬೀಗರನ್ನು ಹೇಗೂ ಬಂದದ್ದಾಯಿತೆಂದು ಕಂಡು, ಊಟ ಮಾಡಿ, ರಾಜಿಯಾಗಿ ಬಂದರಂತೆ. ನನ್ನ ಕೈ ಹಿಡಿದು ಉಪಕಾರ ಸ್ಮರಿಸಿದರು. ಇಂಥ ಪ್ರಸಂಗಗಳೇ ಮನುಷ್ಯನನ್ನು ಕೆಡಿಸುವುದು.

ಈ ವರ್ಷ ನಮ್ಮ ಪಠ್ಯಕ್ರಮಕ್ಕೆ ವಿಡಿಯೊ ತಯಾರಿಕೆ ಎಂಬ ಹೊಸ ವಿಷಯ ಬಂತು. ವಿದ್ಯಾರ್ಥಿಗಳು ಮೂವರು ಮೂವರಾಗಿ ಸೇರಿ ಒಂದು ಹಾಡಿನ ವಿಡಿಯೊ ಮಾಡಬೇಕು, ಅದನ್ನು ಕಾಲೇಜಿನ ಯೂಟ್ಯೂಬ್ ಚಾನೆಲ್ಲಿಗೆ ಹಾಕಬೇಕು, ಹಾಕಿದರೆ ಮಾತ್ರ ಅಂಕ. ಮಾರ್ಗದರ್ಶನ ಯಾರು ಮಾಡುತ್ತೀರಿ ಎಂದು ಪ್ರಾಂಶುಪಾಲರು ಸಭೆಯಲ್ಲಿ ಕೇಳಿದಾಗ ಎಲ್ಲರೂ ಒಂದೇ ಸಮನೆ ನೆಲ ನೋಡತೊಡಗಿದರು. ನಾನೂ ನೋಡಬೇಕೆಂದಿದ್ದೆ, ಸ್ವಲ್ಪ ತಡವಾಯಿತು. “ನಿಮಗ ಈ ವಿಡಿಯೊ ಗಿಡಿಯೊ ಎಲ್ಲಾ ಬರ್ತದಲ್ರಿ?” ಎಂದರು ಪ್ರಾಂಶುಪಾಲರು. “ಅದೇನ್ ದೊಡ್ಡದ್ರಿ” ಎಂದೆ. ಅಲ್ಲಿಯವರೆಗೆ ನಾನು ಮೊಬೈಲಿನಲ್ಲಿ ತೆಗೆದಿದ್ದ ವಿಡಿಯೊ ಒಂದೇ ಒಂದು. ಅದರಲ್ಲಿ ನನ್ನ ಹೆಬ್ಬೆರಳು ಬಹಳ ಸ್ಪಷ್ಟವಾಗಿ ಬಂದಿದೆ.

ನನ್ನ ಪಾಲಿಗೆ ಬಂದ ಗುಂಪಿನಲ್ಲಿ ಮೂವರಿದ್ದರು. ಯೂನುಸ್ ರಾಯಚೂರಿನವನೇ, ಅವನ ತಂದೆ ರಹೀಂಸಾಬರಿಗೆ ಬಟ್ಟೆ ಅಂಗಡಿ ಇದೆ. ಕ್ಯಾಮೆರಾ, ಲ್ಯಾಪ್‌ಟಾಪು, ಅವುಗಳ ನಡುವಿನ ವೈರು ಎಲ್ಲ ಅವನದೇ. ದೇವದುರ್ಗದ ಮೌನೇಶ ಹಾಡು ಬರೆಯುವವನು. ಮೂರನೆಯವಳು ಹುಲಿಗೆಮ್ಮ. ಅವಳೂ ದೇವದುರ್ಗದವಳೇ, ಹೋದ ವರ್ಷ ಮದುವೆಯಾಗಿ ಮಾನ್ವಿಗೆ ಬಂದಿದ್ದಾಳೆ. ಆಗ ಬಸುರಿ, ಏಳು ತಿಂಗಳು. ಪರೀಕ್ಷೆ ಮುಗಿಸಿ ಹೆರಿಗೆಗೆ ತವರಿಗೆ ಹೋಗುವವಳಿದ್ದಳು. ಅವಳ ದನಿ ಕೇಳಿದರೆ, ಸಾಲು ತಪ್ಪಿದ್ದರೂ ಹಾಡು ಸರಿಯಾಗಿಯೇ ಇದೆ ಅನಿಸುತ್ತದೆ. ಮೌನೇಶ ಬರೆದದ್ದು ಗಂಡನ ಮನೆಗೆ ಹೊರಟ ಹುಡುಗಿಯ ಹಾಡು. ‘ಕಿಟಕಿ ಸೀಟು ಕೊಡಪ್ಪ ಕಂಡಕ್ಟರಣ್ಣ, ತವರೂರ ಬೇವಿನ ಗಿಡ ಕಾಣುತನಕ’ ಎಂದು ಶುರುವಾಗುತ್ತದೆ. ಮೊದಲ ಸಲ ಅವಳು ಇದನ್ನು ತರಗತಿಯಲ್ಲಿ ಹಾಡಿದಾಗ ನಾನು ಹಾಜರಿ ಪುಸ್ತಕದಲ್ಲಿ ಏನೋ ಹುಡುಕುವವನಂತೆ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕುಳಿತುಕೊಳ್ಳಬೇಕಾಯಿತು.

ಹಾಡಿನ ಹಿಂದೆ ಏನು ಕಾಣಬೇಕು ಎಂಬ ಪ್ರಶ್ನೆ ಬಂದಾಗ ಮೂವರೂ ಒಂದೇ ಬಾಯಿಂದ “ಸ್ವಿಟ್ಜರ್ಲೆಂಡ್ರಿ ಸರ್” ಎಂದರು. ದೇವದುರ್ಗದಿಂದ ಮಾನ್ವಿಗೆ ಹೋಗುವ ಬಸ್ಸು ಹಿಮದ ಬೆಟ್ಟಗಳ ನಡುವೆ ಹಾಯಬೇಕಾದ ಕಾರಣ ಏನೆಂದು ಕೇಳಿದೆ. “ಎಲ್ಲಾ ಹಾಡಿನ್ಯಾಗೂ ಇರ್ತದ್ರಿ ಸರ್, ಇಲ್ಲಂದ್ರ ಮಂದಿ ನೋಡಂಗಿಲ್ಲ” ಎಂದ ಮೌನೇಶ. ಈ ವಾದದಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ. ಆಗಲೇ ನಾನು, ಹಿಂದಿನ ದಿನ ಮೊಬೈಲಿನಲ್ಲಿ ಅರ್ಧ ನೋಡಿದ್ದ ಒಂದು ವಿಡಿಯೊದ ಬಲದ ಮೇಲೆ, ಹಸಿರು ಪರದೆಯ ಕುರಿತು ಮುಕ್ಕಾಲು ಗಂಟೆ ಉಪನ್ಯಾಸ ಮಾಡಿದ್ದು. ಹಾಡುವವರ ಹಿಂದೆ ಹಸಿರು ಬಟ್ಟೆ ಕಟ್ಟಬೇಕು. ಕಂಪ್ಯೂಟರು ಹಸಿರು ಕಂಡಲ್ಲೆಲ್ಲ ಅಳಿಸಿಹಾಕಿ, ಆ ಜಾಗದಲ್ಲಿ ನಾವು ಕೊಟ್ಟ ಚಿತ್ರ ಕೂರಿಸುತ್ತದೆ. ಆದ್ದರಿಂದ ಯಾರೂ ಹಸಿರು ಬಟ್ಟೆ ತೊಟ್ಟು ಬರಕೂಡದು. ಇಷ್ಟು ಸರಿಯಾಗಿಯೇ ಹೇಳಿದೆ. “ಹಸರೇ ಯಾಕ್ರಿ ಸರ್?” ಎಂದು ಮೌನೇಶ ಕೇಳಿದ. ನಾನು ನೋಡಿದ್ದ ಅರ್ಧದಲ್ಲಿ ಅದಿರಲಿಲ್ಲ. “ಹಸಿರು ಪ್ರಕೃತಿಯ ಬಣ್ಣ. ಬೇರೆ ಬಣ್ಣದಲ್ಲಿ ಈ ವಿಜ್ಞಾನ ನಡೆಯುವುದಿಲ್ಲ” ಎಂದೆ. ಯೂನುಸ್ ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಮೂವರೂ ಬರೆದುಕೊಂಡರು.

ಬಟ್ಟೆ ತರಲು ರಹೀಂಸಾಬರ ಅಂಗಡಿಗೆ ನಾನೇ ಹೋದೆ. ಹಸಿರು ಬಟ್ಟೆಯ ಸುರುಳಿ, ಇಡೀ ತಾನೇ ಬೇಕು ಅಂದೊಡನೆ ಅವರು ಗದ್ದುಗೆಯಿಂದ ಎದ್ದು ನಿಂತು, ತಾನನ್ನು ಎರಡೂ ಕೈಯಲ್ಲಿ ಇಳಿಸಿ, “ಯಾವ ದರ್ಗಾಕ್ಕರೀ ಸರ್?” ಎಂದು ಕೇಳಿದರು. ದರ್ಗಾಕ್ಕಲ್ಲ, ನಿಮ್ಮ ಮಗನ ಪ್ರಾಜೆಕ್ಟಿಗೆ, ಇದರ ಮುಂದೆ ಯಾರಾದರೂ ನಿಂತರೆ ಹಿಂದೆ ಸ್ವಿಟ್ಜರ್ಲೆಂಡ್ ಕಾಣುತ್ತದೆ ಎಂದು ವಿವರಿಸಿದೆ. ರಹೀಂಸಾಬರು ಬಟ್ಟೆಯನ್ನು ಆ ಕಡೆ ಈ ಕಡೆ ತಿರುವಿ ನೋಡಿದರು. “ನಾ ಮೂವತ್ತು ವರ್ಸದಿಂದ ಇದರ ಮುಂದೇ ನಿಂತೀನ್ರಿ ಸರ್, ಒಂದಿನಾ ಏನೂ ಕಂಡಿಲ್ಲ” ಎಂದರು. ಆದರೂ ಚೆನ್ನಾಗಿ ಮಡಚಿ, ಕಣ್ಣಿಗೆ ಒತ್ತಿಕೊಂಡೇ ಕೊಟ್ಟರು.

ಆ ಮರ್ಯಾದೆ ಬಟ್ಟೆಯ ಜೊತೆಗೇ ಕಾಲೇಜಿಗೂ ಬಂತು. ಮಹಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ ಅದನ್ನು ಗೋಡೆಗೆ ಇಳಿಬಿಟ್ಟು, ಉಳಿದದ್ದನ್ನು ನೆಲಕ್ಕೂ ಹಾಸಿದೆವು. ಹಾಸಿದ ಮೇಲೆ ನೋಡಿದರೆ ಒಬ್ಬರೂ ಅದರ ಮೇಲೆ ಕಾಲಿಡಲು ತಯಾರಿಲ್ಲ. ಮೌನೇಶ ಚಪ್ಪಲಿ ಬಿಟ್ಟು ಬಂದು ಅಂಚಿನಲ್ಲಿ ನಿಂತ. ನೀರು ತಂದ ಅಟೆಂಡರು ಬಾಗಿಲಲ್ಲೇ ಕೈಮುಗಿದು, “ಇಲ್ಲಿ ಯಾವಾಗ ಆತ್ರಿ ಇದು?” ಎಂದು ಪಿಸುದನಿಯಲ್ಲಿ ಕೇಳಿದ. ಮೊಹರಮ್ಮಿನ ಅಲಾಯಿ ಹಬ್ಬದಲ್ಲಿ ಬೆಂಕಿಯ ಸುತ್ತ ಕುಣಿಯುತ್ತ ಬೆಳೆದ ಊರಿನವರು ನಾವು, ಹಸಿರು ಬಟ್ಟೆಯನ್ನು ತುಳಿಯುವ ಅಭ್ಯಾಸ ನಮ್ಮ ಕಾಲಿಗಿಲ್ಲ. ನನ್ನದೂ ಎತ್ತಿದ ಕಾಲು ಮೇಲೆಯೇ ನಿಂತಿತ್ತು ಎಂಬುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಕೊನೆಗೆ ನೆಲದ ಬಟ್ಟೆಯನ್ನು ಸುತ್ತಿಟ್ಟು, ಹುಲಿಗೆಮ್ಮನನ್ನು ಸೊಂಟದಿಂದ ಮೇಲೆ ಮಾತ್ರ ತೋರಿಸುವುದೆಂದು ತೀರ್ಮಾನಿಸಿದೆವು.

ಹುಲಿಗೆಮ್ಮ ಬಂದದ್ದು ಹತ್ತೂವರೆಯ ಬಸ್ಸಿಗೆ, ಅತ್ತೆ ಬಸಮ್ಮನವರ ಜೊತೆ. ಹಿಂದಿನ ವಾರವಷ್ಟೇ ಅವಳ ಕುಬಸದ ಕಾರ್ಯ ಆಗಿತ್ತು. ನಮ್ಮ ಕಡೆ ಏಳನೆಯ ತಿಂಗಳಲ್ಲಿ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಗಾಜಿನ ಬಳೆ ತೊಡಿಸಿ, ಆರತಿ ಬೆಳಗುತ್ತಾರೆ. ಅದಾದ ಮೇಲೆ ಬಸುರಿಯನ್ನು ಒಬ್ಬಳೇ ಬಸ್ಸಿಗೆ ಹತ್ತಿಸುವ ಅತ್ತೆ ಮಾನ್ವಿಯಲ್ಲಿಲ್ಲ. ಬಸಮ್ಮನವರು ಅಗಲ ಮುಖದ, ದೊಡ್ಡ ಕುಂಕುಮದ ಹೆಂಗಸು. ಬಂದವರೇ ಬುತ್ತಿಯ ಗಂಟನ್ನು ಬೆಂಚಿನ ಮೇಲಿಟ್ಟು, “ಎಷ್ಟೊತ್ತು ಹಿಡೀತದ್ರಿ ಸರ್? ಆಕಿ ಭಾಳೊತ್ತು ನಿಲ್ಲಬಾರದು” ಎಂದರು. “ಒಂದು ತಾಸು” ಎಂದೆ. ನನಗೆ ಗೊತ್ತಿರಲಿಲ್ಲ. ಸೊಸೆಯನ್ನು ಯಾಕೆ ಕಳಿಸಲು ಒಪ್ಪಿದಿರಿ ಎಂದು ಸುಮ್ಮನೆ ಮಾತಿಗೆ ಕೇಳಿದೆ. “ರೊಟ್ಟಿ ಬಡಿಯಾಕ ಕುಂತ್ರ ಹಾಡ್ತಾಳ್ರಿ. ಆಕಿ ಹಾಡಿದ ದಿನ ನಮ್ಮನೆಯವ್ರು ಎರಡು ರೊಟ್ಟಿ ಹೆಚ್ಚಿಗಿ ತಿಂತಾರ. ಆಕಿ ಮುಂದ ಇದನ್ನ ಹೇಳಬ್ಯಾಡ್ರಿ ಮತ್ತ” ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಹುಲಿಗೆಮ್ಮ ನಮ್ಮ ಸೂಚನೆಯಂತೆ ಕುಬಸದ ಹಸಿರು ಸೀರೆ ಬಿಟ್ಟು ಹಳದಿ ಸೀರೆ ಉಟ್ಟು ಬಂದಿದ್ದಳು. ಎಲ್ಲ ಸರಿಯಾಗಿದೆ ಎಂದು ನಾನು ತಲೆಯಾಡಿಸಿದೆ.

ಕೆಲಸ ಶುರುವಾಯಿತು. ಫ್ಯಾನ್ ಹಾಕಿದರೆ ಬಟ್ಟೆ ಅಲ್ಲಾಡುತ್ತದೆ, ಬಟ್ಟೆ ಅಲ್ಲಾಡಿದರೆ ಸ್ವಿಟ್ಜರ್ಲೆಂಡು ಅಲ್ಲಾಡುತ್ತದೆ, ಹಾಗಾಗಿ ಫ್ಯಾನ್ ಇಲ್ಲ. ಬೆಳಕು ಹೆಚ್ಚುಕಡಿಮೆ ಆಗಬಾರದೆಂದು ಕಿಟಕಿ ಮುಚ್ಚಿದ್ದೆವು. ರಾಯಚೂರಿನ ಏಪ್ರಿಲ್ ಎಂದರೆ ಏನೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳಿದರೂ ನಂಬುವುದಿಲ್ಲ. ಬಸಮ್ಮನವರು ನನ್ನ ಹಾಜರಿ ಪುಸ್ತಕ ಕೇಳಿ ಪಡೆದು ಸೊಸೆಗೆ ಗಾಳಿ ಬೀಸತೊಡಗಿದರು. ಯೂನುಸ್ ಕ್ಯಾಮೆರಾವನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಏನೋ ಒತ್ತಿ, ಲ್ಯಾಪ್‌ಟಾಪನ್ನು ನಮ್ಮ ಕಡೆ ತಿರುಗಿಸಿದ. ನಿಜಕ್ಕೂ ಹಸಿರು ಮಾಯವಾಗಿ ಹಿಮದ ಬೆಟ್ಟ ಬಂದಿತ್ತು. ಆ ಹಿಮದ ಮುಂದೆ ನಮ್ಮ ಹುಲಿಗೆಮ್ಮ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಳು. ನನಗೆ ಹೆಮ್ಮೆಯಾಯಿತು. “ಕೈ ಎತ್ತಿ ಹಾಡಮ್ಮ” ಎಂದೆ.

ಅವಳು ಕೈ ಎತ್ತಿದಳು. ಪರದೆಯ ಮೇಲೆ ಮೊಣಕೈಯಿಂದ ಸ್ವಲ್ಪ ಕೆಳಗಿನವರೆಗೆ ತೋಳುಗಳಿದ್ದವು, ಅಲ್ಲಿಗೆ ಮುಗಿದಿದ್ದವು. ಗೇಣಿನಷ್ಟು ಜಾಗದಲ್ಲಿ ಹಿಮ. ಅದರಾಚೆ ಎರಡು ಅಂಗೈಗಳು ತಮ್ಮಷ್ಟಕ್ಕೆ ತಾವು ಗಾಳಿಯಲ್ಲಿ ಕುಣಿಯುತ್ತಿದ್ದವು. ಒಂದೊಂದು ಕೈಗೆ ಒಂದು ಡಜನ್ ಹಸಿರು ಬಳೆ, ಕಂಪ್ಯೂಟರು ಒಂದನ್ನೂ ಬಿಟ್ಟಿರಲಿಲ್ಲ. ಹಸಿರು ಸೀರೆ ಬೇಡ, ಹಸಿರು ಕುಪ್ಪಸ ಬೇಡ, ಹಸಿರು ರಿಬ್ಬನ್ನೂ ಬೇಡ ಎಂದು ಪಟ್ಟಿ ಮಾಡಿ ಕಳಿಸಿದ್ದ ನಮ್ಮಲ್ಲಿ ಒಬ್ಬರಿಗೂ ಬಳೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ಹುಟ್ಟಿದಾಗಿನಿಂದ ತಾಯಿಯ, ಅಕ್ಕನ, ಹೆಂಡತಿಯ ಕೈಯಲ್ಲಿ ನೋಡಿ ನೋಡಿ, ನಮ್ಮ ಕಣ್ಣಿಗೆ ಅವು ಉಗುರಿನ ಹಾಗೆ ಕೈಯದೇ ಒಂದು ಭಾಗ. ಇಂದು ಬೆಳಿಗ್ಗೆ ನಿಮ್ಮ ಮನೆಯಲ್ಲಿ ಚಹಾ ಕೊಟ್ಟ ಕೈಯಲ್ಲಿ ಎಂಥ ಬಳೆ ಇತ್ತು ಎಂದು ಕೇಳಿದರೆ ನೀವೂ ತಡವರಿಸುತ್ತೀರಿ.

ಹುಲಿಗೆಮ್ಮನಿಗೆ ನಗು ಬಂತು. “ಅತ್ತಿ, ಇಲ್ಲಿ ನೋಡ್ರಿ” ಎಂದು ಕೈ ಆಡಿಸಿದಳು. ಬಸಮ್ಮನವರು ನೋಡಿದರು. ಅವರ ಮುಖದ ಬಣ್ಣ ಹೋಯಿತು. ಎದ್ದು ಹೋಗಿ ಸೊಸೆಯ ಎರಡೂ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡರು. “ಬಸರಿ ಹುಡುಗಿ ಕೈ ಕಡದಂಗ ಕಾಣಾಕತ್ತಾವಲ್ರೀ! ಏನ್ ಮಾಡಿಟ್ಟೀರಿ ಇದು?” ಎಂದರು. ಈ ಹಂತದಲ್ಲಿ ಬುದ್ಧಿವಂತನೊಬ್ಬ ಬಾಯಿ ಮುಚ್ಚಿಕೊಂಡಿರುತ್ತಿದ್ದ. ನಾನು ಮಾರ್ಗದರ್ಶಕ. “ಗಾಬರಿ ಆಗಬ್ಯಾಡ್ರಿ. ಅದೇನ್ ದೊಡ್ಡದಲ್ಲ. ಒಂದ್ ಹತ್ತು ನಿಮಿಷ ಆ ಬಳಿ ತೆಗೆದಿಡು ಹುಲಿಗೆಮ್ಮ” ಎಂದೆ.

ಐವತ್ತಮೂರು ವರ್ಷದ, ಹೆಂಡತಿ ಮಕ್ಕಳಿರುವ, ಅಕ್ಕತಂಗಿಯರ ನಡುವೆ ಬೆಳೆದ ಗಂಡಸು ನಾನು. ಮುತ್ತೈದೆಯ ಕೈಯ ಬಳೆ ತೆಗೆಸುವುದು ಯಾವ ದಿನ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ನಮ್ಮವ್ವ ಒಡೆದ ಬಳೆಯನ್ನೂ ‘ಒಡೆಯಿತು’ ಅನ್ನುತ್ತಿರಲಿಲ್ಲ, ‘ಹೆಚ್ಚಿತು’ ಅನ್ನುತ್ತಿದ್ದಳು. ಅದೂ ಕುಬಸ ಮುಗಿದು ವಾರ ಕಳೆದಿಲ್ಲ. ಅಟೆಂಡರು ನೀರಿನ ತಂಬಿಗೆ ಹಿಡಿದವನು ಹಿಡಿದಂತೆಯೇ ಹೊರಗೆ ಹೋದ.

“ಏನಂದ್ರಿ ಸರ್?” ಎಂದರು ಬಸಮ್ಮನವರು. ದನಿ ಏರಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. “ನಿಮ್ಮನ್ಯಾಗ ಅಮ್ಮಾರು ಅದಾರಿಲ್ರಿ? ಅವರಿಗೊಮ್ಮೆ ಹೇಳಿ ನೋಡ್ರಿ ಬಳಿ ತೆಗಿ ಅಂತ. ಅವರೇನಂತಾರ ಕೇಳ್ಕೊಂಡು ಬರ್ರಿ. ಆಮ್ಯಾಲ ನನ್ನ ಸೊಸಿಗೆ ಹೇಳೀರಂತ.” ತಪ್ಪಾಯಿತು ಎಂದೆ. ಅದು ಅವರ ಕಿವಿಗೆ ಬಿತ್ತೋ ಇಲ್ಲವೋ, ಬುತ್ತಿಯ ಗಂಟು ಎತ್ತಿಕೊಂಡಾಗಿತ್ತು. “ನಡಿಯವ್ವಾ, ಒಂದೂವರಿ ಬಸ್ ಸಿಗ್ತದ.”

ಹುಲಿಗೆಮ್ಮ ಎದುರಾಡಲಿಲ್ಲ. ಹಾಡಿನ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮೌನೇಶನ ಕೈಗಿಟ್ಟಳು. “ದನಿ ಮೊನ್ನೇನೇ ಹಿಡದೀರಲ್ರಿ ಸರ್, ಅದನ್ನಷ್ಟ ಹಾಕ್ರಿ. ಮಾರಿಗಿ ಬ್ಯಾರೆ ಯಾರನ್ನಾದ್ರೂ ನಿಲ್ಲಸ್ರಿ. ತುಟಿ ಕುಣಿಸಿದ್ರ ಸಾಕಲ್ರಿ, ಯಾರಿಗಿ ಗೊತ್ತಾಗ್ತದ” ಎಂದಳು. ನಗುತ್ತಲೇ ಹೇಳಿದಳು. ನನಗೆ ಬಹಳ ಕೆಟ್ಟದೆನಿಸಿತು. ಆ ಹಾಡು ಅವಳದೇ ದಾರಿಯ ಹಾಡು. ಅದನ್ನು ಇನ್ಯಾರದೋ ಮುಖಕ್ಕೆ ಅಂಟಿಸುವುದು, ಅದೂ ನನ್ನ ಬಾಯಿಯ ದೆಸೆಯಿಂದ. ಅವಳು ಇನ್ನು ತವರಿಗೆ ಹೋಗುವವಳು, ಆಮೇಲೆ ಕೂಸು, ಸಂಸಾರ. ಕ್ಯಾಮೆರಾದ ಮುಂದೆ ಅವಳು ನಿಲ್ಲುವ ದಿನ ಇದೊಂದೇ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಆಗ ಯೂನುಸ್ ಗಂಟಲು ಸರಿಮಾಡಿಕೊಂಡ. “ಸರ್, ನೀಲಿ ಬಟ್ಟಿ ಆದ್ರೂ ನಡೀತದ್ರಿ.”

ನಾನು ಅವನನ್ನೇ ನೋಡಿದೆ. “ನಿನಗ ಯಾರ್ ಹೇಳಿದ್ರು?”

“ಯಾವ ಬಣ್ಣ ಆದ್ರೂ ನಡೀತದ್ರಿ ಸರ್. ಹಾಡೋರ ಮೈಮ್ಯಾಗ ಆ ಬಣ್ಣ ಇರಬಾರದು, ಅಷ್ಟೇರಿ.”

“ಇದು ನಿನಗ ಯಾವಾಗಿಂದ ಗೊತ್ತು?”

“ಮೊದ್ಲಿಂದ್ರಿ. ನಮ್ಮ ಮಾಮೂ ಮದಿವಿ ವಿಡಿಯೊ ಮಾಡ್ತಾರ್ರಿ, ಅವರ ಹಂತ್ಯಾಕ ಕಲ್ತೀನಿ.”

“ಮತ್ತ ಹೇಳಾಕೇನಾಗಿತ್ತೋ?”

“ನೀವ್ ಬ್ಯಾರೆ ಬಣ್ಣದಾಗ ವಿಜ್ಞಾನ ನಡ್ಯಂಗಿಲ್ಲ ಅಂದ್ರಿ ಸರ್. ನಾವ್ ಬರ್ಕೊಂಡೀವ್ರಿ” ಎಂದು ಯೂನುಸ್ ಬಹಳ ವಿನಯದಿಂದ ಹೇಳಿದ. ಮೌನೇಶ ನೋಟ್ಸು ತೆಗೆದು ತೋರಿಸಲು ಹೊರಟಿದ್ದ, ಬೇಡವೆಂದೆ. ನಮ್ಮ ಕಾಲೇಜಿನ ಶಿಸ್ತಿನ ಬಗ್ಗೆ ನಾನು ಎಷ್ಟೋ ಸಮಾರಂಭಗಳಲ್ಲಿ ಭಾಷಣ ಮಾಡಿದ್ದೇನೆ. ಗುರುಗಳಿಗೆ ಎದುರು ಮಾತಾಡದ ಮಕ್ಕಳು ಎಂದು ಹೊಗಳಿದ್ದೇನೆ. ಇಪ್ಪತ್ತೆಂಟು ವರ್ಷದಲ್ಲಿ ಇನ್ನೂ ಏನೇನನ್ನು ಹೀಗೆ ಮರ್ಯಾದೆಯಿಂದ ಬರೆದುಕೊಂಡು ಹೋಗಿದ್ದಾರೋ ಎಂದು ನೆನೆದು ಆ ಸೆಕೆಯಲ್ಲೂ ಒಮ್ಮೆ ಮೈ ತಣ್ಣಗಾಯಿತು.

ಬಸಮ್ಮನವರು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. “ನೀಲಿ ಆದ್ರ ಬಳಿ ಕಾಣ್ತಾವೇನಪ್ಪ?” ಎಂದು ಕೇಳಿದ್ದು ನನ್ನನ್ನಲ್ಲ, ಯೂನುಸನನ್ನು. “ಒಂದೊಂದೂ ಎಣಸಬಹುದ್ರಿ ಅಮ್ಮಾ” ಎಂದ ಅವನು. ಅವರು ಗಂಟನ್ನು ಮತ್ತೆ ಬೆಂಚಿನ ಮೇಲಿಟ್ಟರು. ಇಷ್ಟು ದೊಡ್ಡ ನೀಲಿ ಬಟ್ಟೆ ಆಗಿಂದಾಗ ಎಲ್ಲಿಂದ ತರುವುದು ಎಂದು ನಾವು ಯೋಚಿಸುತ್ತಿದ್ದಾಗ, ಅಟೆಂಡರು ಮರಳಿ ಬಂದು, ಕೆಳಗೆ ಹೊಸ ಕಟ್ಟಡದ ಸಿಮೆಂಟ್ ಚೀಲಗಳ ಮೇಲೆ ಹೊದಿಸಿದ್ದ ಪ್ಲಾಸ್ಟಿಕ್ ತಾಡಪತ್ರಿಯನ್ನು ತೋರಿಸಿದ. ಗಟ್ಟಿ ನೀಲಿ. ಮೂವರು ಸೇರಿ ಹೊತ್ತು ತಂದು, ಗೋಡೆಗೆ ಕಟ್ಟಲು ಶುರು ಮಾಡಿದೆವು. ನಾನು ಎಡಕ್ಕೆ ಎಳೆಯಿರಿ ಎಂದೆ, ಎಳೆದರು. ಬಲಕ್ಕೆ ಎಂದೆ, ಅದೂ ಆಯಿತು. ತಾಡಪತ್ರಿ ನಡುವೆ ಹೊಟ್ಟೆ ಬಿಟ್ಟುಕೊಂಡು ಜೋತುಬಿತ್ತು. ಬಸಮ್ಮನವರು ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ ಆಗಲಿಲ್ಲ.

“ಇಷ್ಟ್ ಮಂದಿ ಓದಿದವ್ರು ಅದೀರಿ, ಒಬ್ಬರಿಗೂ ತಾಡಪತ್ರಿ ಕಟ್ಟಾಕ ಬರಂಗಿಲ್ಲೇನ್ರಿ?” ಎಂದು ಸೆರಗು ಸಿಕ್ಕಿಸಿಕೊಂಡು ಎದ್ದರು. ಮಾನ್ವಿಯ ನೆಲ್ಲಿನ ರಾಶಿಗಳಿಗೆ ಮೋಡ ಕಂಡೊಡನೆ ತಾಡಪತ್ರಿ ಹೊದಿಸಿ, ಗಾಳಿಗೆ ಹಾರದಂತೆ ಕಟ್ಟಿ ಪಳಗಿದ ಕೈ ಅದು. ಮೊದಲು ಮೇಲಿನ ಎರಡು ಮೂಲೆ, ಆಮೇಲೆ ಕೆಳಗಿನದಕ್ಕೆ ಇಟ್ಟಿಗೆಯ ಭಾರ, ನಡುವೆ ಒದ್ದೆ ಬಟ್ಟೆಯಿಂದ ಒರೆಸಿ ಸುಕ್ಕು ತೆಗೆಯುವುದು. ಹತ್ತು ನಿಮಿಷದಲ್ಲಿ ಗೋಡೆಗೆ ಬಳಿದಷ್ಟು ಸಪಾಟಾಯಿತು. “ಇದು ವಜ್ಜಿ ಅದ, ಹಾರಂಗಿಲ್ಲ. ಇನ್ನ ಫ್ಯಾನ್ ಹಾಕ್ರಿ” ಎಂದು ಆಜ್ಞೆ ಮಾಡಿದರು. ಎಡಗಡೆಯ ಮೇಲಿನ ಮೂಲೆಗೆ ಮಾತ್ರ ಗಟ್ಟಿ ಮೊಳೆ ಇರಲಿಲ್ಲ, ಕಟ್ಟಿದ್ದು ಮತ್ತೆ ಮತ್ತೆ ಜಾರುತ್ತಿತ್ತು. ಅವರು ಸುತ್ತ ನೋಡಿ, ಅಲ್ಲಿದ್ದವರಲ್ಲಿ ಯಾವ ಕೆಲಸವೂ ಇಲ್ಲದವನು ಯಾರೆಂದು ಕ್ಷಣದಲ್ಲಿ ಗುರುತಿಸಿದರು. “ಸರ್, ನೀವ್ ಇದನ್ನ ಹಿಡ್ಕೊಂಡು ನಿಂದರ್ರಿ.” ನಾನು ಹಿಡಿದುಕೊಂಡು ನಿಂತೆ.

ಯೂನುಸ್ ಲ್ಯಾಪ್‌ಟಾಪಿನಲ್ಲಿ ಒಮ್ಮೆ ತೋರಿಸಿದ. ಹಿಮದ ಬೆಟ್ಟದ ಮುಂದೆ ಹುಲಿಗೆಮ್ಮನ ಎರಡು ಕೈ, ಇಪ್ಪತ್ನಾಲ್ಕು ಹಸಿರು ಬಳೆ. ಬಸಮ್ಮನವರು ಬೆರಳಿಟ್ಟು ಎಣಿಸಿ ಹೂಂ ಎಂದರು. ಅಷ್ಟಕ್ಕೆ ಲ್ಯಾಪ್‌ಟಾಪು ಸೆಕೆ ತಾಳದೆ ತಾನೇ ಆರಿಹೋಯಿತು. ಇರಲಿ, ಕ್ಯಾಮೆರಾದಲ್ಲಿ ತೆಗೆದುಕೊಂಡರಾಯಿತು ಎಂದು ಮುಂದುವರಿದೆವು. ಹುಲಿಗೆಮ್ಮ ಹಾಡಿದಳು. ಹಿಡಿದಿಟ್ಟ ದನಿಗೆ ತುಟಿಯಾಡಿಸಿದರೆ ಸಾಕಿತ್ತು, ಆದರೆ ಅವಳು ಬಾಯಿತುಂಬ ಹಾಡಿದಳು. ಬೇವಿನ ಗಿಡದ ಸಾಲಿಗೆ ಬಂದಾಗ ಅವಳ ಕೈ ತಾನಾಗಿ ಹೊಟ್ಟೆಯ ಮೇಲೆ ಬಂತು. ನಾನು ಮೂಲೆಯಿಂದ ನೋಡಿದರೆ ಬಸಮ್ಮನವರ ತುಟಿಯೂ ಆಡುತ್ತಿತ್ತು. ಒಂದು ಸಾಲೂ ತಪ್ಪದೆ ಪೂರ್ತಿ ಹಾಡು ಅವರಿಗೆ ಬಾಯಿಪಾಠವಾಗಿತ್ತು. ನನಗೆ ತಾಡಪತ್ರಿ ಹಿಡಿದ ತೋಳು ಸೋತಿತ್ತು, ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಸಡಿಲಾದಾಗಲೆಲ್ಲ ಒಂದೆರಡು ಹೆಜ್ಜೆ ಮುಂದೆ ಬಂದು ಬಿಗಿ ಮಾಡಿಕೊಂಡೆ.

ಹೊರಡುವಾಗ ಬಸಮ್ಮನವರು, ಮಂದಿಗೆ ತೋರಿಸುವ ಮೊದಲು ತಮಗೊಮ್ಮೆ ತೋರಿಸಬೇಕು ಎಂದು ಷರತ್ತು ಹಾಕಿದರು. ಹುಲಿಗೆಮ್ಮ ಪರೀಕ್ಷೆ ಮುಗಿಸಿ ದೇವದುರ್ಗಕ್ಕೆ ಹೋದಳು. ಒಂದು ದಿನ ಯೂನುಸ್ ಲ್ಯಾಪ್‌ಟಾಪು ತೆರೆದು, “ಸರ್, ಒಂದ್ ಸಣ್ಣ ತೊಂದ್ರಿ ಅದ್ರಿ” ಎಂದ. ವಿಡಿಯೊ ಚೆನ್ನಾಗಿತ್ತು. ಹುಲಿಗೆಮ್ಮ ಕಳೆಕಳೆಯಾಗಿದ್ದಳು, ಬಳೆಗಳು ಒಂದೊಂದೂ ಮಿಂಚುತ್ತಿದ್ದವು. ತೊಂದರೆ ಎಡಗಡೆಯ ಮೇಲಿನ ಮೂಲೆಯಲ್ಲಿತ್ತು. ಹಿಮಾಚ್ಛಾದಿತ ಶಿಖರದ ಪಕ್ಕದಲ್ಲಿ, ಮೋಡಕ್ಕೆ ತಗುಲಿಕೊಂಡಂತೆ, ನನ್ನ ತಲೆ ಇತ್ತು. ತಲೆ ಮಾತ್ರ, ಮೂಲೆ ಹಿಡಿದ ಕೈಗಳು ಚಿತ್ರದ ಅಂಚಿನಾಚೆ ಉಳಿದಿದ್ದವು. ಆ ದಿನ ನಾನು ತೊಟ್ಟಿದ್ದು ತಾಡಪತ್ರಿಯದೇ ನೀಲಿಯ ಅಂಗಿ, ಕಂಪ್ಯೂಟರು ಅದನ್ನು ಮೈಸಮೇತ ಸ್ವಿಟ್ಜರ್ಲೆಂಡಿಗೆ ಸೇರಿಸಿಬಿಟ್ಟಿತ್ತು. ಹುಬ್ಬು ಗಂಟಿಕ್ಕಿ, ಕಣ್ಣು ಕೆಂಪಾಗಿ, ಮೀಸೆಯ ಮೇಲೆ ಬೆವರಿಳಿಯುತ್ತ, ಬಾಯಿ ಅರೆತೆರೆದು ಆ ತಲೆ ಹುಲಿಗೆಮ್ಮನನ್ನೇ ನೋಡುತ್ತಿತ್ತು. ಆಗಾಗ ಸ್ವಲ್ಪ ಮುಂದೆ ಬಂದು ಹಿಂದೆ ಹೋಗುತ್ತಿತ್ತು.

ಆ ಭಾಗ ಕತ್ತರಿಸಿದರೆ ಹುಲಿಗೆಮ್ಮ ಕೈ ಎತ್ತಿದಾಗೆಲ್ಲ ಆ ಕಡೆಯ ಬಳೆಗಳೂ ಹೋಗುತ್ತಿದ್ದವು. ಕೂತು ಒಂದೊಂದೇ ಚಿತ್ರದಿಂದ ಒರೆಸಿ ತೆಗೆಯಬಹುದು, ಒಂದು ವಾರ ಹಿಡಿಯುತ್ತದೆ ಎಂದ ಯೂನುಸ್. ಮೊದಲು ಬಸಮ್ಮನವರು ಒಪ್ಪಲಿ ಎಂದು ಅವನನ್ನು ಕರೆದುಕೊಂಡು ಮಾನ್ವಿಗೆ ಹೋದೆ. ಅಂದಿನ ಮಾತಿಗೆ ಇನ್ನೊಮ್ಮೆ ಸರಿಯಾಗಿ ಕ್ಷಮೆ ಕೇಳುವುದೂ ಬಾಕಿಯಿತ್ತು. ಕೇಳಿದೆ. “ಆತ್ ಬಿಡ್ರಿ, ಗಂಡಸ್ರಿಗಿ ಏನ್ ತಿಳೀತದ” ಎಂದು ಅವರು ಚಹಾ ಕೊಟ್ಟರು. ವಿಡಿಯೊ ನೋಡುತ್ತ ಅವರ ಕಣ್ಣು ತುಂಬಿ ಬಂತು. ಎರಡೂ ಕೈಯಿಂದ ಲ್ಯಾಪ್‌ಟಾಪಿನ ಮೇಲಿನಿಂದ ನಿವಾಳಿಸಿ, ಕಿವಿಯ ಪಕ್ಕಕ್ಕೆ ಒತ್ತಿ ಲಟಲಟ ಲಟಿಗೆ ಮುರಿದರು. ಆಮೇಲೆ ಒಮ್ಮೆಲೇ ಮುಖ ಗಂಭೀರವಾಯಿತು.

“ಇದನ್ನ ಎಷ್ಟ್ ಮಂದಿ ನೋಡ್ತಾರ್ರಿ?”

“ಚಾನೆಲ್ಲಿಗೆ ಹಾಕ್ತೀವ್ರಿ. ಯಾರ್ ಬೇಕಾದ್ರೂ ನೋಡಬಹುದು” ಎಂದೆ.

“ಬ್ಯಾಡ್ರಿ ಹಂಗಾದ್ರ. ತುಂಬಿದ ಬಸರಿ. ಇಷ್ಟ್ ಛಂದ ಕಾಣಾಕತ್ಯಾಳ. ಅಷ್ಟ್ ಮಂದಿ ಕಣ್ಣು ಬಿದ್ರ ಹೆಂಗ್ರಿ?” ಎಂದರು. ಹಾಕದಿದ್ದರೆ ಅಂಕವಿಲ್ಲ ಎಂದು ಹೇಳಿ ನೋಡಿದೆ. ಅಂಕಕ್ಕಿಂತ ಕೂಸು ದೊಡ್ಡದು ಎಂದರು. ಇಷ್ಟು ವರ್ಷಗಳಲ್ಲಿ ಮೊದಲ ಸಲ ನಾನು ಉತ್ತರ ಕೊಡಲು ಹೋಗಲಿಲ್ಲ. ಬೇಸರದಿಂದ ಯೂನುಸ್ ಲ್ಯಾಪ್‌ಟಾಪು ಮುಚ್ಚಲು ಹೋದಾಗ ಅವರು ತಡೆದು, ಬಗ್ಗಿ ಮೂಲೆಯನ್ನು ನೋಡಿದರು. “ಇದ್ಯಾರ್ರಿ ಇಲ್ಲಿ?”

“ಅದು ನಾನ್ರಿ” ಎಂದೆ. “ಗಡಬಡಿಯೊಳಗ ಬಂದಬಿಟ್ಟದ. ತೆಗೀತೀವ್ರಿ.”

ಬಸಮ್ಮನವರು ವಿಡಿಯೊ ನೋಡಿದರು, ನನ್ನ ಮುಖ ನೋಡಿದರು, ಮತ್ತೆ ವಿಡಿಯೊ ನೋಡಿದರು. “ಮತ್ತೊಮ್ಮೆ ಮೊದ್ಲಿಂದ ಹಾಕಪ್ಪ” ಎಂದು ಅಕ್ಕಪಕ್ಕದ ಹೆಂಗಸರು ಇಬ್ಬರನ್ನು ಕರೆದು ಕೂರಿಸಿದರು. ಹಾಡು ಶುರುವಾಯಿತು. ಇಬ್ಬರೂ ಒಟ್ಟಿಗೆ “ಯವ್ವಾ, ಮೂಲ್ಯಾಗ ಅದೇನ ಅದು!” ಎಂದರು. ಬಸಮ್ಮನವರ ಮುಖ ಅರಳಿತು.

“ತೆಗೀಬ್ಯಾಡ್ರಿ ಸರ್” ಎಂದರು. “ಹೊಸಾ ಮನಿ ಕಟ್ಟಿದ್ರ ಮ್ಯಾಲೊಂದು ರಾಕ್ಷಸನ ಮಾರಿ ಕಟ್ಟಂಗಿಲ್ಲೇನ್ರಿ? ನೋಡೋರ ಕಣ್ಣು ಮೊದ್ಲ ಅದಕ್ಕ ಬೀಳ್ತದ, ಮನಿಗೆ ತಟ್ಟಂಗಿಲ್ಲ. ಹಂಗೇ ಇದು. ಇದು ಇದ್ರ ನನ್ನ ಸೊಸಿಗಿ ಏನೂ ಆಗಂಗಿಲ್ಲ. ಬಿಡ್ರಿ ಮಂದಿಗೆ.” ಯೂನುಸ್ ನೆಲ ನೋಡುತ್ತಿದ್ದ, ಅವನ ಭುಜ ಅಲ್ಲಾಡುತ್ತಿತ್ತು. ನಾನು ಉಳಿದ ಚಹಾ ಕುಡಿದೆ. ಹುಲಿಗೆಮ್ಮ ತನ್ನ ಹಾಡಿನಲ್ಲಿ ತನ್ನದೇ ಮುಖದಿಂದ ಕಾಣಬೇಕಾದರೆ ನನ್ನ ಮುಖ ಅಲ್ಲಿ ನೇತಾಡಬೇಕು ಎಂದಾದ ಮೇಲೆ ಮಾತಾಡುವುದೇನಿದೆ? ಆಗಲಿ ಎಂದೆ.

ವಿಡಿಯೊ ಹೋಯಿತು, ಅಂಕ ಬಂತು. ಮಳೆಗಾಲದಲ್ಲಿ ಹುಲಿಗೆಮ್ಮನಿಗೆ ಹೆಣ್ಣು ಕೂಸು ಹುಟ್ಟಿತು, ತಾಯಿ ಮಗಳು ಇಬ್ಬರೂ ಗಟ್ಟಿಯಾಗಿದ್ದಾರೆ ಎಂದು ಮೌನೇಶ ಬಂದು ಹೇಳಿದ. ನನಗೆ ಮನಸ್ಸು ಹಗುರಾಯಿತು. ದೇವದುರ್ಗದಲ್ಲಿ ತೊಟ್ಟಿಲ ಕಾರ್ಯಕ್ಕೆ ಕರೆ ಬಂತು. ಹೋದೆ. ಬೀಗರ ಮನೆಯಾದರೂ ಬಸಮ್ಮನವರದೇ ಕಾರುಬಾರು ನಡೆದಿತ್ತು. ನಾನು ಒಳಗೆ ಹೋಗಿ ಗಂಡಸರ ಸಾಲಿನಲ್ಲಿ ಕೂರಲು ನೋಡಿದಾಗ ಓಡಿಬಂದು, “ಒಳಗ ಯಾಕ್ರಿ ಸರ್, ನೀವಿಲ್ಲೇ ಕುಂದರ್ರಿ” ಎಂದು ತಲೆಬಾಗಿಲಿನ ನೇರಕ್ಕೆ, ತೊಟ್ಟಿಲಿಗಿಂತ ಮುಂಚೆ ಕಣ್ಣಿಗೆ ಬೀಳುವ ಜಾಗದಲ್ಲಿ, ಒಂದು ಕುರ್ಚಿ ಹಾಕಿಸಿದರು. ಉಪಚಾರಕ್ಕೆ ಏನೂ ಕಡಿಮೆಯಾಗಲಿಲ್ಲ, ಹೋಳಿಗೆ ಎರಡು ಸಲ ಬಂತು. ಕೂಸನ್ನು ನೋಡಲು ಬಂದ ಪ್ರತಿಯೊಬ್ಬರೂ ಹೊಸ್ತಿಲು ದಾಟಿದೊಡನೆ ಮೊದಲು ನನ್ನನ್ನು ನೋಡಿ, ಒಂದು ಕ್ಷಣ ನಿಂತು, ಆಮೇಲೆ ಮುಂದೆ ಹೋಗುತ್ತಿದ್ದರು. ಒಬ್ಬಿಬ್ಬರು ಬಂದವರ ಮುಂದೆ ನನಗೇ ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಕೂಸು ಒಳಗೆ ಅತ್ತಿತು. ನಾನು ನಗು ನುಂಗಿ, ಹುಬ್ಬು ಗಂಟಿಕ್ಕಿಕೊಂಡು, ಬಾಗಿಲ ಕಡೆ ನೆಟ್ಟಗೆ ನೋಡುತ್ತ ಕುಳಿತೆ.